ಬರೆಯುವುದಕ್ಕೆ ಮುಂಚೆ, ಬರೆದಾದ ಮೇಲೆ: ಹೋಂವರ್ಕ್ ತಪ್ಪಿಹೋಗುವುದು ಎಲ್ಲಿ?

ಪ್ರಶ್ನೆ: ನನ್ನ ಮಗ ಆರನೇ ತರಗತಿ, ಮಗಳು ಮೂರನೇ ತರಗತಿ. ಮಗ ದಡ್ಡನಲ್ಲ. ಕೂತರೆ ಅರ್ಧ ಗಂಟೆಯಲ್ಲಿ ಲೆಕ್ಕವೆಲ್ಲ ಮುಗಿಸುತ್ತಾನೆ. ಆದರೆ ಅವನನ್ನು ಕೂರಿಸುವಷ್ಟರಲ್ಲಿ ನಾನು ಹೈರಾಣಾಗಿರುತ್ತೇನೆ. ಶಾಲೆಯಿಂದ ಬಂದಾಗ ಕೇಳಿದರೆ "ಇವತ್ತು ಹೋಂವರ್ಕ್ ಏನೂ ಇಲ್ಲಮ್ಮ" ಅನ್ನುತ್ತಾನೆ. ರಾತ್ರಿ ಒಂಬತ್ತಕ್ಕೆ, ಇನ್ನೇನು ಮಲಗಬೇಕು ಅನ್ನುವಾಗ, ನಕ್ಷೆ ಬಿಡಿಸಿಕೊಂಡು ಹೋಗಬೇಕಿತ್ತು ಎಂದು ನೆನಪಾಗುತ್ತದೆ. ಇನ್ನೊಂದು ದಿನ ಪುಸ್ತಕವೇ ಶಾಲೆಯಲ್ಲಿ ಉಳಿದಿರುತ್ತದೆ. ಮೊನ್ನೆ ವಿಜ್ಞಾನದ ವರ್ಕ್‌ಶೀಟ್ ಬರೆದು ಮುಗಿಸಿದ್ದ. ಆದರೆ ಅದು ಮೂರು ದಿನ ಬ್ಯಾಗಿನಲ್ಲೇ ಇತ್ತು, ಟೀಚರಿಗೆ ಕೊಟ್ಟೇ ಇರಲಿಲ್ಲ! ದಿನಾ ಸಂಜೆ ಎರಡು ಗಂಟೆ ಪಕ್ಕದಲ್ಲೇ ಕೂರುತ್ತೇನೆ, ಆದರೂ ಹೀಗೆ. ಇಷ್ಟೊಂದು ಬೇಜವಾಬ್ದಾರಿಯನ್ನು ತಿದ್ದುವುದು ಹೇಗೆ? ಈಗ ಮಗಳೂ ಅಣ್ಣನ ದಾರಿ ಹಿಡಿದಿದ್ದಾಳೆ.

ಉತ್ತರ: "ಕೂತರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ" ಎಂಬ ನಿಮ್ಮ ಮಾತಿಗೆ ಮೊದಲು ಅಡಿಗೆರೆ ಎಳೆದುಕೊಂಡೆ. ಅದರ ಕೆಳಗೆ ನೀವು ಕೊಟ್ಟಿರುವ ಮೂರು ದೂರುಗಳನ್ನು ಇಟ್ಟು ನೋಡಿ. ನಕ್ಷೆಯ ವಿಷಯ ಅವನು ಬರೆದುಕೊಂಡಿರಲಿಲ್ಲ. ಪುಸ್ತಕ ಬ್ಯಾಗಿಗೆ ಬಂದಿರಲಿಲ್ಲ. ವರ್ಕ್‌ಶೀಟ್ ಬ್ಯಾಗಿನಿಂದ ಹೊರಗೆ ಹೋಗಿರಲಿಲ್ಲ. ಈ ಮೂರರಲ್ಲಿ ಒಂದೂ ಓದಿಗೆ, ಬುದ್ಧಿಗೆ ಅಥವಾ ಹೋಂವರ್ಕ್ ಮಾಡುವ ಕೆಲಸಕ್ಕೆ ಸೇರಿದ್ದಲ್ಲ. ಒಂದು ಮಾಡುವುದಕ್ಕೆ ಮುಂಚಿನ ಕೆಲಸ, ಮತ್ತೊಂದು ಮನೆಗೆ ತರುವ ಕೆಲಸ, ಇನ್ನೊಂದು ಮಾಡಿದ ಮೇಲಿನದು. ನೀವು ಪಕ್ಕದಲ್ಲಿ ಕೂರುವುದು ಮಾತ್ರ ನಡುವಿನ ಭಾಗದಲ್ಲಿ, ಅಂದರೆ ಅವನು ಸರಿಯಾಗಿಯೇ ಮಾಡುತ್ತಿರುವ ಭಾಗದಲ್ಲಿ. ಎರಡು ಗಂಟೆ ಕೂತರೂ ಫಲ ಕಾಣದಿರುವುದಕ್ಕೆ ಕಾರಣ ಇಷ್ಟೇ.

ಮನೆಯಲ್ಲಿ ನಾವು ಹೋಂವರ್ಕನ್ನು ಒಂದೇ ಕೆಲಸವೆಂದು ನೋಡುತ್ತೇವೆ. ಮಗುವಿನ ಕಡೆಯಿಂದ ನೋಡಿದರೆ ಅದು ಉದ್ದದ ಪ್ರಯಾಣ. ಟೀಚರ್ ಹೇಳಿದ್ದು ಕಿವಿಗೆ ಬೀಳಬೇಕು, ಅದನ್ನು ಎಲ್ಲೋ ಬರೆದುಕೊಳ್ಳಬೇಕು, ಬೇಕಾದ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಳ್ಳಬೇಕು, ಮನೆಗೆ ಬಂದ ಮೇಲೆ ಅದು ನೆನಪಾಗಬೇಕು, ಆಟ ಬಿಟ್ಟು ಏಳಬೇಕು, ಎಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜಿಸಬೇಕು, ಮಾಡಬೇಕು, ಮತ್ತೆ ಬ್ಯಾಗಿಗೆ ಸೇರಿಸಬೇಕು, ಮಾರನೇ ದಿನ ಸರಿಯಾದ ಪೀರಿಯಡ್‌ನಲ್ಲಿ ತೆಗೆದು ಕೊಡಬೇಕು. ಇದರಲ್ಲಿ ಎಲ್ಲಿ ಎಡವಿದರೂ ಶಾಲೆಯಲ್ಲಿ ಸಿಗುವ ಹೆಸರು ಒಂದೇ: "ಹೋಂವರ್ಕ್ ಮಾಡಿಲ್ಲ." ಮನೆಯಲ್ಲಿ ಸಿಗುವ ಹೆಸರೂ ಒಂದೇ: ಬೇಜವಾಬ್ದಾರಿ.

ಆರನೇ ತರಗತಿ ಎಂದಿರಿ. ಈ ತೊಂದರೆ ಈ ಹಂತದಲ್ಲಿ ಎದ್ದು ಕಾಣುವುದು ಆಕಸ್ಮಿಕವಲ್ಲ. ಕೆಳಗಿನ ತರಗತಿಗಳಲ್ಲಿ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಟೀಚರ್ ಇರುತ್ತಾರೆ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆಯುತ್ತಾರೆ, ಮಕ್ಕಳು ಬರೆದುಕೊಂಡರೋ ಇಲ್ಲವೋ ಎಂದು ಡೈರಿ ನೋಡುತ್ತಾರೆ. ಮೇಲಿನ ತರಗತಿಗೆ ಬಂದಾಗ ವಿಷಯಕ್ಕೊಬ್ಬರು. ಒಬ್ಬರು ಪಾಠದ ನಡುವೆ ಹೇಳುತ್ತಾರೆ, ಇನ್ನೊಬ್ಬರು ಬೆಲ್ ಹೊಡೆಯುತ್ತಿರುವಾಗ ಬಾಗಿಲಲ್ಲಿ ನಿಂತು ಹೇಳುತ್ತಾರೆ, ಮತ್ತೊಬ್ಬರು "ಮುಂದಿನ ಗುರುವಾರಕ್ಕೆ" ಅನ್ನುತ್ತಾರೆ. ಇವನ್ನೆಲ್ಲ ಒಂದೆಡೆ ಸೇರಿಸುವ ಕೆಲಸ ಸದ್ದಿಲ್ಲದೆ ಮಗುವಿನ ಹೆಗಲಿಗೆ ಬಿದ್ದಿರುತ್ತದೆ. ಅದನ್ನು ಹೇಗೆ ಮಾಡಬೇಕು ಎಂದು ಯಾರೂ ಕೂತು ಕಲಿಸಿರುವುದಿಲ್ಲ.

ಇದಕ್ಕೆ ಮಿದುಳಿನ ಮಿತಿಯೂ ಸೇರುತ್ತದೆ. ಆ ಕ್ಷಣಕ್ಕೆ ಬೇಕಾದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು ದೊಡ್ಡವರಲ್ಲೂ ಚಿಕ್ಕದೇ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಅದನ್ನು ಹೆಚ್ಚುಕಡಿಮೆ 7 ಸಂಗತಿಗಳೆಂದರು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಅದನ್ನು 4ರ ಆಸುಪಾಸಿಗೆ ಇಳಿಸಿದರು. ಮಕ್ಕಳಲ್ಲಿ ಅದು ಇನ್ನೂ ಕಡಿಮೆ. ಮುಂದಾಲೋಚನೆ ಮಾಡುವ, ಮನಸ್ಸು ಹರಿದ ಕಡೆ ಹೋಗದಂತೆ ತಡೆಯುವ ಕೆಲಸ ಹಣೆಯ ಹಿಂದಿರುವ ಮಿದುಳಿನ ಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದ ನಡುಭಾಗಕ್ಕೆ. ಹಾಗಾಗಿ ಹನ್ನೊಂದು ವರ್ಷದ ಹುಡುಗನಿಗೆ "ನೆನಪಿಟ್ಟುಕೋ" ಎಂದು ಹೇಳುವುದರಿಂದ ಹೆಚ್ಚೇನೂ ಆಗುವುದಿಲ್ಲ. ನೆನಪಿನ ಕೆಲಸವನ್ನು ತಲೆಯಿಂದ ಕಾಗದಕ್ಕೆ ಮತ್ತು ಮನೆಯ ಜಾಗಗಳಿಗೆ ಇಳಿಸಬೇಕು. ಈಗ ಅದು ನಿಮ್ಮ ಬಾಯಲ್ಲಿದೆ. ಅಲ್ಲಿಂದ ತೆಗೆಯುವುದೇ ಮೊದಲ ಕೆಲಸ.

ಒಂದು ವಾರ ಏನನ್ನೂ ಬದಲಿಸಬೇಡಿ, ಬೈಯಲೂ ಬೇಡಿ. ಹೋಂವರ್ಕ್ ತಪ್ಪಿದ ದಿನ ಅದು ಎಲ್ಲಿ ತಪ್ಪಿತೆಂದು ಒಂದು ಹಾಳೆಯಲ್ಲಿ ಗುರುತು ಮಾಡಿ: ಬರೆದುಕೊಳ್ಳಲಿಲ್ಲ, ತರಲಿಲ್ಲ, ಶುರು ಮಾಡಲಿಲ್ಲ, ಅರ್ಥವಾಗಲಿಲ್ಲ, ಕೊಡಲಿಲ್ಲ. ಇದನ್ನು ಮಗನ ಜೊತೆ ಕೂತೇ ಮಾಡಿ. ಮಕ್ಕಳಿಗೆ ತಮ್ಮ ಮೇಲಿನ ಆರೋಪ ಬೇಡ, ಆದರೆ ಪತ್ತೇದಾರಿ ಕೆಲಸ ಇಷ್ಟ. ಹೆಚ್ಚಿನ ಮನೆಗಳಲ್ಲಿ ಗುರುತುಗಳು ಒಂದೋ ಎರಡೋ ಕಡೆ ಗುಡ್ಡೆಯಾಗುತ್ತವೆ. ಆ ಜಾಗವನ್ನಷ್ಟೇ ಸರಿಪಡಿಸಿದರೆ ಸಾಕು. ಗೋಡೆ ತುಂಬ ಬಣ್ಣದ ವೇಳಾಪಟ್ಟಿ ಅಂಟಿಸಿ, ಐದು ಹೊಸ ನಿಯಮಗಳನ್ನು ಒಂದೇ ದಿನ ಜಾರಿಗೆ ತರುವ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಅದು ಎರಡನೇ ವಾರ ದಾಟುವುದು ಅಪರೂಪ.

ನಿಮ್ಮ ಪತ್ರದ ಮೇಲೆ ಹೇಳುವುದಾದರೆ, ನಿಮ್ಮ ಮಗನ ವಿಷಯದಲ್ಲಿ ಗುರುತುಗಳು ಎರಡು ತುದಿಯಲ್ಲಿ ಬೀಳುತ್ತವೆ ಎಂದು ನನ್ನ ಊಹೆ. ಹಾಗಾಗಿ ಅವೆರಡರ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಮೊದಲ ತುದಿ ಬರೆದುಕೊಳ್ಳುವುದು. ಹೋಂವರ್ಕ್ ಬರೆಯಲು ಒಂದೇ ಜಾಗ ಇರಬೇಕು. ಶಾಲೆಯ ಡೈರಿ ಇದ್ದರೆ ಡೈರಿ, ಇಲ್ಲದಿದ್ದರೆ ಜೇಬಿಗೆ ಹಿಡಿಯುವ ಚಿಕ್ಕ ನೋಟ್‌ಬುಕ್. ರಫ್ ನೋಟಿನ ಕೊನೆಯ ಪುಟ, ಕೈಮೇಲೆ ಪೆನ್ನಿನಲ್ಲಿ, ಪಠ್ಯಪುಸ್ತಕದ ಅಂಚಿನಲ್ಲಿ ಹೀಗೆ ಹಂಚಿಹೋದರೆ ಬರೆದೂ ಬರೆಯದಂತೆ. ಪ್ರತಿ ಪೀರಿಯಡ್‌ಗೂ ಒಂದು ಸಾಲು. ಹೋಂವರ್ಕ್ ಇಲ್ಲದಿದ್ದರೆ "ಇಲ್ಲ" ಎಂದು ಬರೆಯಬೇಕು. ಈ "ಇಲ್ಲ"ದ ಮೇಲೆ ನನಗೆ ವಿಶೇಷ ಹಟವಿದೆ. ಖಾಲಿ ಸಾಲು ಎರಡು ಅರ್ಥ ಕೊಡುತ್ತದೆ: ಟೀಚರ್ ಕೊಟ್ಟಿಲ್ಲ, ಅಥವಾ ಇವನು ಬರೆದುಕೊಂಡಿಲ್ಲ. ನಿಮ್ಮ ಮಗ "ಏನೂ ಇಲ್ಲಮ್ಮ" ಅಂದಾಗ ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆ ಹೊತ್ತಿಗೆ ಅವನಿಗೆ ನಿಜವಾಗಿಯೂ ಏನೂ ನೆನಪಿರುವುದಿಲ್ಲ. "ಇಲ್ಲ" ಎಂದು ಬರೆಯುವ ಅಭ್ಯಾಸವಿದ್ದರೆ, ಖಾಲಿ ಸಾಲು ಕಂಡ ತಕ್ಷಣ ಅವನಿಗೇ ಅನುಮಾನ ಬರುತ್ತದೆ.

ಸಾಲಿನಲ್ಲಿ ಏನು ಮಾಡಬೇಕು, ಯಾವತ್ತು ಕೊಡಬೇಕು, ಯಾವ ಪುಸ್ತಕ ಬೇಕು ಈ ಮೂರೂ ಇರಲಿ. "ಗಣಿತ" ಎಂದಷ್ಟೇ ಬರೆದಿದ್ದರೆ ಸಂಜೆಗೆ ಅದು ಬರೀ ಶಬ್ದ. "ಗಣಿತ, ಅಭ್ಯಾಸ 4, ಮೊದಲ ಆರು ಲೆಕ್ಕ, ಬುಧವಾರ" ಎಂದಿದ್ದರೆ ಅದು ಮಾಡಬಹುದಾದ ಕೆಲಸ.

ಮನೆಯಲ್ಲಿ ನೀವು ಕೇಳುವ ಪ್ರಶ್ನೆಯೂ ಬದಲಾಗಲಿ. "ಹೋಂವರ್ಕ್ ಇದೆಯಾ?" ಎಂದು ಕೇಳಿದರೆ ದಣಿದು ಬಂದ ಮಗುವಿನ ಬಾಯಲ್ಲಿ ಬರುವ ಮೊದಲ ಉತ್ತರ "ಇಲ್ಲ." "ಡೈರಿ ತಗೊಂಡು ಬಾ, ಇಬ್ಬರೂ ನೋಡೋಣ" ಅಂದರೆ ಹೌದು-ಇಲ್ಲದ ಮಾತೇ ಇಲ್ಲ. ಜೊತೆಗೆ, ಕ್ಲಾಸ್ ಟೀಚರನ್ನು ಒಮ್ಮೆ ಭೇಟಿಯಾಗಿ, ಒಂದು ತಿಂಗಳ ಮಟ್ಟಿಗೆ ಶಾಲೆ ಬಿಡುವ ಮುನ್ನ ಅವನ ಡೈರಿಯ ಮೇಲೆ ಕಣ್ಣಾಡಿಸಲು ಕೇಳಿ. ಹೆಚ್ಚಿನ ಟೀಚರುಗಳು ಇದಕ್ಕೆ ಒಪ್ಪುತ್ತಾರೆ, ಏಕೆಂದರೆ ನೀವು ಕೇಳುತ್ತಿರುವುದು ಅರ್ಧ ನಿಮಿಷದ ಕೆಲಸ.

ಪೋಷಕರ ವಾಟ್ಸಾಪ್ ಗುಂಪಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಎಂಟಕ್ಕೆ "ಇವತ್ತಿನ ಹೋಂವರ್ಕ್ ಯಾರಾದರೂ ಹಾಕಿ ಪ್ಲೀಸ್" ಎಂದು ಅಮ್ಮ ಕೇಳುತ್ತಾಳೆ, ಯಾರೋ ಫೋಟೊ ಕಳಿಸುತ್ತಾರೆ, ಆ ರಾತ್ರಿ ಪಾರಾಗುತ್ತದೆ. ಆದರೆ ಬರೆದುಕೊಳ್ಳುವ ಅಗತ್ಯವೇ ಮಗುವಿಗೆ ಇಲ್ಲವಾಗುತ್ತದೆ. ಜ್ವರ ಬಂದು ರಜೆ ಹಾಕಿದ ದಿನಕ್ಕೆ ಆ ಗುಂಪು ಇರಲಿ. ಉಳಿದ ದಿನ ಮಗನೇ ತನ್ನ ಗೆಳೆಯನಿಗೆ ಫೋನ್ ಮಾಡಿ ಕೇಳಲಿ. ಆ ಮುಜುಗರವೂ ಸ್ವಲ್ಪ ಕಲಿಸುತ್ತದೆ.

ಪುಸ್ತಕ ಶಾಲೆಯಲ್ಲೇ ಉಳಿಯುವುದಕ್ಕೆ ಪರಿಹಾರ ಒಂದು ವಾಕ್ಯದಲ್ಲಿದೆ. "ಬ್ಯಾಗಿನ ಜಿಪ್ ಎಳೆಯುವ ಮುಂಚೆ ಡೈರಿ ತೆಗೆದು ನೋಡುತ್ತೇನೆ." ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಈ ಬಗೆಯ ಸಂಕಲ್ಪಗಳ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದಾರೆ. 1999ರ ಅವರ ಲೇಖನ ಈ ವಿಷಯದಲ್ಲಿ ಹೆಸರುವಾಸಿ. "ಇನ್ನು ಮೇಲೆ ಪುಸ್ತಕ ಮರೆಯುವುದಿಲ್ಲ" ಎಂಬ ಒಳ್ಳೆಯ ಉದ್ದೇಶಕ್ಕಿಂತ, "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಎಂದು ಸಂದರ್ಭಕ್ಕೆ ಕಟ್ಟಿದ ನಿರ್ಧಾರ ಹೆಚ್ಚು ಸಲ ಕಾರ್ಯಕ್ಕೆ ಇಳಿಯುತ್ತದೆ. ಜಿಪ್ ಹೇಗೂ ದಿನಾ ಎಳೆಯಲೇಬೇಕು, ಹಾಗಾಗಿ ನೆನಪಿಸುವ ಕೆಲಸವನ್ನು ಅದೇ ಮಾಡುತ್ತದೆ. ಈ ವಾಕ್ಯವನ್ನು ಅವನ ಬಾಯಿಂದ ಹೇಳಿಸಿ, ಅವನ ಕೈಯಲ್ಲೇ ಬರೆಸಿ ಡೈರಿಯ ರಟ್ಟಿನ ಒಳಗೆ ಅಂಟಿಸಿ. ಮನೆಯಲ್ಲಿ ಖಾಲಿ ಬ್ಯಾಗು ಇಟ್ಟುಕೊಂಡು ನಾಲ್ಕಾರು ಸಲ ಅಭ್ಯಾಸ ಮಾಡಿಸಿ. ನಾಟಕದಂತೆ ಕಾಣುತ್ತದೆ, ಕಾಣಲಿ.

ಇನ್ನು ಕೊನೆಯ ತುದಿ, ಮಾಡಿದ್ದನ್ನು ಕೊಡುವುದು. ಮುಗಿಸಿದ ಹೋಂವರ್ಕ್ ಮೇಜಿನ ಮೇಲಿರುವವರೆಗೆ ಅದು ಮುಗಿದಿಲ್ಲ, ಬ್ಯಾಗಿಗೆ ಹೋದಾಗಲೇ ಮುಗಿದದ್ದು ಎಂಬ ವಾಡಿಕೆ ಮನೆಯಲ್ಲಿ ಬರಲಿ. ಬಿಡಿ ಹಾಳೆಗಳೇ ಹೆಚ್ಚು ಕಳೆಯುವುದು, ಅದರಲ್ಲೂ ವರ್ಕ್‌ಶೀಟು, ಗ್ರಾಫ್ ಶೀಟು, ಸಹಿ ಹಾಕಿಸಬೇಕಾದ ಚೀಟಿ. ಅವಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ಒಂದೇ ಒಂದು ಫೈಲ್ ಸಾಕು, ಎಡಗಡೆ "ಮಾಡಬೇಕಾದ್ದು", ಬಲಗಡೆ "ಕೊಡಬೇಕಾದ್ದು". ವಿಷಯಕ್ಕೊಂದು ಫೈಲ್ ಕೊಡಿಸಬೇಡಿ, ಆಮೇಲೆ ಯಾವ ಹಾಳೆ ಯಾವ ಫೈಲಿನಲ್ಲಿದೆ ಎಂಬುದೇ ಇನ್ನೊಂದು ಹೋಂವರ್ಕ್ ಆಗುತ್ತದೆ. ಬ್ಯಾಗು ರಾತ್ರಿಯೇ ತಯಾರಾಗಿ ಬಾಗಿಲ ಬಳಿ, ದಿನಾ ಅದೇ ಜಾಗದಲ್ಲಿ ಇರಲಿ. ಬೆಳಗಿನ ಗಡಿಬಿಡಿಯಲ್ಲಿ ತುಂಬಿದ ಬ್ಯಾಗಿನಲ್ಲಿ ಏನೋ ಒಂದು ಬಿಟ್ಟೇ ಹೋಗಿರುತ್ತದೆ. ಶಾಲೆಯಲ್ಲಿ ಟೀಚರ್ ಕೇಳಲು ಮರೆತರೆ? ಅದಕ್ಕೂ ಜಿಪ್‌ನಂಥದ್ದೇ ವಾಕ್ಯ: "ಆ ವಿಷಯದ ಪುಸ್ತಕ ತೆಗೆಯುವಾಗಲೇ ಬಣ್ಣದ ಫೈಲನ್ನೂ ತೆಗೆಯುತ್ತೇನೆ."

ವಾರಕ್ಕೊಮ್ಮೆ, ರಜೆಯ ದಿನ, ಬ್ಯಾಗನ್ನು ಪೂರ್ತಿ ಬುಡಮೇಲು ಮಾಡಿ ಹತ್ತು ನಿಮಿಷ ಕೂರಿ. ಮುರಿದ ಸ್ಕೇಲು, ಮೆಂಡರ್ ಸಿಪ್ಪೆ, ಹಿಂದಿನ ತಿಂಗಳ ಸುತ್ತೋಲೆ ಎಲ್ಲ ಹೊರಬರುತ್ತವೆ. ಬೇಡದ್ದು ಕಸಕ್ಕೆ, ಬೇಕಾದ್ದು ಜಾಗಕ್ಕೆ. ಕೈ ಅವನದಿರಲಿ, ನೀವು ನೋಡುತ್ತ ಕೂತರೆ ಸಾಕು.

ಶುರು ಮಾಡುವ ಹೊತ್ತಿನ ಜಗಳಕ್ಕೆ ಬರುತ್ತೇನೆ. ಶಾಲೆಯಿಂದ ಬಂದ ಕೂಡಲೇ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಆರೇಳು ಗಂಟೆ ಹೇಳಿದ ಕಡೆ ಕೂತು ಬಂದಿರುತ್ತಾನೆ. ಏನಾದರೂ ತಿಂದು, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮೈದಣಿಯೆ ಆಡಲಿ. ಆದರೆ ಈ ಬಿಡುವಿನಲ್ಲಿ ಮೊಬೈಲು, ಟಿವಿ ಬೇಡ. ಆಟಕ್ಕೆ ತನ್ನದೇ ಕೊನೆಯಿದೆ, ದಣಿವಾಗುತ್ತದೆ, ಗೆಳೆಯರು ಮನೆಗೆ ಹೋಗುತ್ತಾರೆ. ವಿಡಿಯೊಗೆ ಕೊನೆಯೇ ಇಲ್ಲ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗುತ್ತದೆ. ಅಲ್ಲಿಂದ ಎಬ್ಬಿಸುವುದೇ ದಿನದ ದೊಡ್ಡ ಯುದ್ಧ. ಪರದೆಯ ಸಮಯ ಏನಿದ್ದರೂ ಬ್ಯಾಗು ಬಾಗಿಲಿಗೆ ಬಂದ ಮೇಲೆ.

"ಐದೂವರೆಗೆ ಕೂರಬೇಕು" ಎಂದು ಗಡಿಯಾರಕ್ಕೆ ಕಟ್ಟುವುದಕ್ಕಿಂತ "ಆಡಿ ಬಂದು ಕೈಕಾಲು ತೊಳೆದ ಮೇಲೆ" ಎಂದು ಒಂದು ಘಟನೆಗೆ ಕಟ್ಟಿ. ಒಂದು ದಿನ ಶಾಲೆಯಿಂದ ತಡವಾಗಿ ಬಂದರೂ ಈ ಕ್ರಮ ತಪ್ಪುವುದಿಲ್ಲ. ಕೂರುವ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತ್ಯೇಕ ಕೋಣೆ, ಸ್ಟಡಿ ಟೇಬಲ್ ಇದ್ದರೆ ಒಳ್ಳೆಯದು, ಊಟದ ಮೇಜೂ ಸಾಕು. ದಿನಾ ಒಂದೇ ಜಾಗವಾಗಿರಬೇಕು, ಬೆಳಕಿರಬೇಕು, ಪೆನ್ಸಿಲು, ರಬ್ಬರು, ಜಾಮಿಟ್ರಿ ಬಾಕ್ಸು ಕೈಗೆಟುಕುವಂತಿರಬೇಕು, ಫೋನು ಬೇರೆ ಕೋಣೆಯಲ್ಲಿರಬೇಕು.

ಮೊದಲು ಕಷ್ಟದ್ದೋ ಸುಲಭದ್ದೋ ಎಂದು ಬಹಳ ಪೋಷಕರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಐದು ನಿಮಿಷದ ಯಾವುದಾದರೂ ಚಿಕ್ಕ ಕೆಲಸದಿಂದ ಶುರುಮಾಡಿ, ಕೂಡಲೇ ಅತಿ ಕಷ್ಟದ್ದಕ್ಕೆ ಹೋಗಬೇಕು. ನೋಡಿ ಬರೆಯುವಂಥ, ತಲೆಗೆ ಕೆಲಸವಿಲ್ಲದ್ದು ಕೊನೆಗೆ. ಕಷ್ಟದ್ದನ್ನು ಕೊನೆಗಿಟ್ಟರೆ ಅದು ನಿದ್ದೆಗಣ್ಣಿನ ಪಾಲಾಗುತ್ತದೆ.

ಈಗ ನನಗೆ ತುಂಬ ಮುಖ್ಯವೆನಿಸುವ ವಿಷಯ: ಸಮಯದ ಅಂದಾಜು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಮಕ್ಕಳಿಗೆ ಗೊತ್ತಿರುವುದಿಲ್ಲ. ಇಷ್ಟವಿಲ್ಲದ ಹತ್ತು ಲೆಕ್ಕ "ರಾತ್ರಿಯಿಡೀ ಮಾಡಿದರೂ ಮುಗಿಯಲ್ಲ", ಒಂದು ವಾರದ ಪ್ರಾಜೆಕ್ಟು "ಐದೇ ನಿಮಿಷ". ಮೊದಲನೆಯದು ಶುರು ಮಾಡದಿರಲು ಕಾರಣವಾಗುತ್ತದೆ, ಎರಡನೆಯದು ಮುಂದೂಡಲು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಮನುಷ್ಯರ ಈ ಸ್ವಭಾವವನ್ನು ಗುರುತಿಸಿದ್ದರು: ತಮ್ಮದೇ ಕೆಲಸಕ್ಕೆ ಬೇಕಾದ ಕಾಲವನ್ನು ಜನ ಕಡಿಮೆ ಅಂದಾಜಿಸುತ್ತಾರೆ. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದರು, ಹಿಡಿದದ್ದು 55 ದಿನ. ಓದಿ ಪಳಗಿದ ದೊಡ್ಡ ಹುಡುಗರ ಕಥೆಯೇ ಹೀಗಿರುವಾಗ ಆರನೇ ತರಗತಿಯವನನ್ನು ದೂರಿ ಫಲವಿಲ್ಲ. ಆದರೆ ಅಂದಾಜನ್ನು ಕಲಿಸಬಹುದು.

ಡೈರಿಯ ಪ್ರತಿ ಸಾಲಿನ ಪಕ್ಕ ಎರಡು ಅಂಕಿ ಬರೆಯುವ ಜಾಗ ಮಾಡಿ. ಶುರು ಮಾಡುವ ಮೊದಲು ಅವನು ತನ್ನ ಅಂದಾಜು ಬರೆಯಲಿ, ಮುಗಿದ ಮೇಲೆ ನಿಜವಾಗಿ ಹಿಡಿದ ನಿಮಿಷ. ಮುಳ್ಳಿರುವ ಗಡಿಯಾರ ಎದುರಿಗಿರಲಿ. ಅಂಕಿ ಬದಲಾಗುವ ಗಡಿಯಾರಕ್ಕಿಂತ ಮುಳ್ಳು ಸರಿಯುವುದನ್ನು ನೋಡಿದಾಗ ಎಷ್ಟು ಹೊತ್ತು ಕಳೆಯಿತು, ಎಷ್ಟು ಉಳಿದಿದೆ ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಅಂದಾಜು ತಪ್ಪಿದರೆ ಟೀಕೆ ಬೇಡ. "ನೀನು 40 ಅಂದಿದ್ದೆ, 15 ಆಯ್ತು ನೋಡು" ಎಂದಷ್ಟೇ ಹೇಳಿ. ಒಂದೆರಡು ವಾರದಲ್ಲಿ ಅವನಿಗೆ ತನ್ನದೇ ಲೆಕ್ಕಗಳು ಸಿಗುತ್ತವೆ: ಕನ್ನಡ ಪ್ರಶ್ನೋತ್ತರಕ್ಕೆ ಇಷ್ಟು, ಗಣಿತಕ್ಕೆ ಇಷ್ಟು. "ರಾತ್ರಿಯಿಡೀ" ಎಂಬ ಭಯಕ್ಕೆ ಕಾಗದದ ಮೇಲೆ ಉತ್ತರ ಸಿಕ್ಕಿದಾಗ ಶುರು ಮಾಡುವ ಜಗಳ ತಾನಾಗಿ ಅರ್ಧಕ್ಕೆ ಇಳಿಯುತ್ತದೆ.

ಪ್ರಾಜೆಕ್ಟಿಗೂ ಇದೇ ಕಣ್ಣು ಬೇಕು. ಕೊಡಬೇಕಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ ಅಲ್ಲಿಂದ ಹಿಂದಕ್ಕೆ ಬನ್ನಿ. ನಕ್ಷೆ ಶುಕ್ರವಾರ ಕೊಡಬೇಕಾದರೆ ಗುರುವಾರ ಬಣ್ಣ ಮತ್ತು ಹೆಸರು, ಬುಧವಾರ ಗಡಿ ಬಿಡಿಸುವುದು, ಮಂಗಳವಾರ ಹಾಳೆ ಮತ್ತು ಬಣ್ಣದ ಪೆನ್ಸಿಲು ಮನೆಯಲ್ಲಿವೆಯೇ ಎಂದು ನೋಡುವುದು. ಪ್ರತಿಯೊಂದೂ ಆಯಾ ದಿನದ ಡೈರಿಯಲ್ಲಿ ಒಂದು ಸಾಲಾಗಬೇಕು. ಇಲ್ಲದಿದ್ದರೆ ಕ್ಯಾಲೆಂಡರಿನ ವೃತ್ತ ಬರೀ ಅಲಂಕಾರ.

ಒಟ್ಟು ಎಷ್ಟು ಹೊತ್ತು ಸರಿ? ಹೋಂವರ್ಕ್ ಬಗ್ಗೆ ದಶಕಗಳ ಅಧ್ಯಯನ ಮಾಡಿದ ಹ್ಯಾರಿಸ್ ಕೂಪರ್ ಅವರ ಹೆಸರಿನ ಜೊತೆ ಕೇಳಿಬರುವ ಸರಳ ಅಳತೆಯೊಂದಿದೆ: ತರಗತಿಗೆ 10 ನಿಮಿಷ. ಮೂರನೇ ತರಗತಿಗೆ ಅರ್ಧ ಗಂಟೆ, ಆರನೇ ತರಗತಿಗೆ ಒಂದು ಗಂಟೆ. ಹೋಂವರ್ಕಿಗೂ ಅಂಕಗಳಿಗೂ ಇರುವ ಸಂಬಂಧ ಚಿಕ್ಕ ತರಗತಿಗಳಲ್ಲಿ ತೀರಾ ತೆಳು, ಮೇಲಿನ ತರಗತಿಗಳಲ್ಲಿ ಸ್ಪಷ್ಟ ಎಂಬುದೂ ಅವರು 2006ರಲ್ಲಿ ಸಹೋದ್ಯೋಗಿಗಳ ಜೊತೆ ಮಾಡಿದ ಪರಾಮರ್ಶೆಯ ಸಾರ. ಅಂದರೆ ಈ ವಯಸ್ಸಿನ ಹೋಂವರ್ಕಿನಿಂದ ಸಿಗುವ ದೊಡ್ಡ ಲಾಭ ಕ್ರಮ ಕಲಿಯುವುದು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ಅವನು ಗಮನವಿಟ್ಟು ಕೂತರೂ ದಿನಾ ಒಂದೂವರೆ, ಎರಡು ಗಂಟೆ ಹಿಡಿಯುತ್ತಿದ್ದರೆ ಆ ಅಂಕಿಗಳ ಡೈರಿ ಹಿಡಿದು ಟೀಚರ ಜೊತೆ ಮಾತಾಡಿ. "ತುಂಬಾ ಹೋಂವರ್ಕ್ ಕೊಡ್ತೀರಿ" ಎಂಬ ದೂರಿಗಿಂತ ಆ ಪುಟಕ್ಕೆ ಬೆಲೆ ಹೆಚ್ಚು.

ನಿದ್ದೆಯನ್ನು ಕತ್ತರಿಸಿ ಹೋಂವರ್ಕ್ ಮಾಡಿಸುವುದಂತೂ ಬೇಡ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದ ಪ್ರಕಾರ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಒಂಬತ್ತಕ್ಕೆ ನಕ್ಷೆ ನೆನಪಾದರೆ ಮಲಗಿಸಿ. ಬೆಳಗ್ಗೆ ಅವನೇ ಹೋಗಿ ಟೀಚರಿಗೆ ಹೇಳಲಿ.

"ಬರೆಯೋದೆಲ್ಲ ಮುಗೀತು, ಓದೋದು ಏನೂ ಇಲ್ಲ" ಎಂಬ ಮಾತು ಇಂದಲ್ಲ ನಾಳೆ ಬರುತ್ತದೆ. ಕೊನೆಯ ಹತ್ತು ನಿಮಿಷ ಅಂದು ಕಲಿತ ಒಂದು ಪಾಠದ ಪುಸ್ತಕ ಮುಚ್ಚಿ, ನೆನಪಿದ್ದನ್ನು ಹಾಳೆಯ ಮೇಲೆ ಬರೆದು, ಆಮೇಲೆ ಪುಸ್ತಕ ತೆರೆದು ಹೋಲಿಸಲಿ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ಇದನ್ನೇ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದಿದ್ದರು. ಪರೀಕ್ಷೆ ಬರುವುದು ಐದು ನಿಮಿಷದ ನಂತರ ಅಲ್ಲವಲ್ಲ.

ಇನ್ನು ನಿಮ್ಮ ಎರಡು ಗಂಟೆಯ ಕಾವಲು. ಅದನ್ನು ಒಂದೇ ದಿನ ನಿಲ್ಲಿಸಿದರೆ ಅವನು ಕಂಗಾಲಾಗುತ್ತಾನೆ, ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಿರಿ. ಕಲಿಯುವವನಿಗೆ ಬೇಕಾದಷ್ಟೇ ಆಸರೆ ಕೊಟ್ಟು ಕ್ರಮೇಣ ತೆಗೆಯುವ ಈ ಬಗೆಯನ್ನು 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಕಟ್ಟಡ ಕಟ್ಟುವಾಗ ನಿಲ್ಲಿಸುವ ಅಟ್ಟಣಿಗೆಗೆ ಹೋಲಿಸಿದರು. ಮೊದಲ ವಾರ ಪಕ್ಕದಲ್ಲಿರಿ, ಆದರೆ ನಿಮ್ಮದೇ ಕೆಲಸ ಮಾಡಿಕೊಳ್ಳಿ. ಮುಂದೆ ಅದೇ ಕೋಣೆಯ ಇನ್ನೊಂದು ಮೂಲೆ. ಆಮೇಲೆ ಬೇರೆ ಕೋಣೆ, ಶುರುವಿನಲ್ಲಿ ಡೈರಿ ನೋಡಲು ಎರಡು ನಿಮಿಷ, ಕೊನೆಯಲ್ಲಿ ಬ್ಯಾಗು ನೋಡಲು ಎರಡು ನಿಮಿಷ. ನಡುವೆ "ಅಮ್ಮಾ, ಇದು ಗೊತ್ತಾಗ್ತಿಲ್ಲ" ಅಂದರೆ "ಎಲ್ಲಿವರೆಗೆ ಗೊತ್ತಾಯ್ತು, ಹೇಳು" ಎಂದು ಕೇಳಿ. ಬಹಳ ಸಲ ಹೇಳುತ್ತ ಹೇಳುತ್ತಲೇ ಅವನಿಗೆ ಉತ್ತರ ಹೊಳೆಯುತ್ತದೆ. ಹೊಳೆಯದಿದ್ದರೆ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಲಿ. ತಪ್ಪುಗಳನ್ನು ನೀವೇ ತಿದ್ದಿ ಕಳಿಸಬೇಡಿ, ಮಗುವಿಗೆ ಎಲ್ಲಿ ಅರ್ಥವಾಗಿಲ್ಲ ಎಂದು ಟೀಚರಿಗೆ ತಿಳಿಯುವ ದಾರಿ ಅದೊಂದೇ. ನಿಮಗೇ ಗಣಿತವೆಂದರೆ ಅಳುಕಿದ್ದರಂತೂ ದೂರವಿರುವುದೇ ಲೇಸು. ಗಣಿತದ ಭಯವಿರುವ ಪೋಷಕರು ಪದೇ ಪದೇ ಹೋಂವರ್ಕಿಗೆ ನೆರವಾದಾಗ ಮಕ್ಕಳ ಕಲಿಕೆ ಕಡಿಮೆಯಾಗಿ ಭಯ ಹೆಚ್ಚಿದ್ದನ್ನು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದು, ಎರಡನೇ ತರಗತಿಯ ಮಕ್ಕಳಲ್ಲಿ ಕಂಡಿತು.

ಮರೆತ ಪುಸ್ತಕವನ್ನು ಶಾಲೆಗೆ ತಲುಪಿಸಬೇಕೇ? ಪ್ರತಿ ಸಲ ತಲುಪಿಸಿದರೆ ಮರೆವಿಗೆ ಬೆಲೆಯೇ ಇರುವುದಿಲ್ಲ. ತಲುಪಿಸುವುದಿಲ್ಲ ಎಂದು ಅವನಿಗೆ ಮೊದಲೇ ಹೇಳಿಡಿ, ಆದರೆ ಅದಕ್ಕೂ ಮುಂಚೆ ಟೀಚರ ಜೊತೆ ಮಾತಾಡಿ. ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡುವ, ಹೊಡೆಯುವ ಕಡೆ "ತಾನೇ ಅನುಭವಿಸಿ ಕಲಿಯಲಿ" ಎಂದು ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮಗು ಕಲಿಯುವುದು ಹೆದರಿಕೆಯನ್ನು, ಆಮೇಲೆ ಸುಳ್ಳನ್ನು.

ಬಹುಮಾನದ ವಿಷಯದಲ್ಲಿ ಕೈ ಬಿಗಿಯಾಗಿರಲಿ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಮಾತು ಕೊಟ್ಟು ಬಿಡಿಸಲು ಹೇಳಿದರು. ಆಮೇಲೆ ಅದೇ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೋಂವರ್ಕ್ ಅಂಥ ಪ್ರೀತಿಯ ಕೆಲಸವಲ್ಲ, ನಿಜ. ಆದರೂ ದಿನಕ್ಕೊಂದು ಬೆಲೆ ಕಟ್ಟಿದರೆ ದಿನಾ ಚೌಕಾಸಿ ನಡೆಯುತ್ತದೆ. ಅವನಿಗೆ ನಿಜವಾದ ಬಹುಮಾನ ಉಳಿದ ಸಂಜೆ, ಅದನ್ನು ಕಸಿಯಬೇಡಿ. ಒಂದು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಮುಗಿಸಿದವನಿಗೆ "ಹಾಗಾದ್ರೆ ಇನ್ನೊಂದು ಪಾಠ ಓದು" ಅನ್ನುವ ಮನೆಗಳಲ್ಲಿ ಮಕ್ಕಳು ಬೇಗ ಮುಗಿಸದಿರುವುದನ್ನು ಕಲಿಯುತ್ತಾರೆ. ನಿಧಾನಗತಿಯ ಮಕ್ಕಳೆಂದು ಹೆಸರಾದ ಕೆಲವರು ಹೀಗೆ ಲೆಕ್ಕ ಹಾಕಿಯೇ ನಿಧಾನವಾಗಿರುತ್ತಾರೆ!

ಎಷ್ಟು ದಿನ ಹಿಡಿಯುತ್ತದೆ ಎಂದು ನೀವು ಕೇಳಿಲ್ಲ, ಆದರೆ ಮೂರನೇ ವಾರ ಕೇಳುತ್ತೀರಿ. 21 ದಿನದಲ್ಲಿ ಹೊಸ ಅಭ್ಯಾಸ ಬೇರೂರುತ್ತದೆ ಎಂಬ ಪ್ರಚಾರದ ಅಂಕಿಯನ್ನು ನಂಬಿ ಕೂರಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನ ವಯಸ್ಕರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ಯೋಚಿಸದೆ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಮ ಅಂಕಿ 66 ದಿನ. ವ್ಯತ್ಯಾಸ ಮಾತ್ರ 18ರಿಂದ 254 ದಿನಗಳವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ನಷ್ಟವಾಗಲಿಲ್ಲ ಎಂಬುದೂ ಅಲ್ಲೇ ಕಂಡುಬಂತು. ನೆಂಟರು ಬಂದ ದಿನ, ಜ್ವರದ ದಿನ ಕ್ರಮ ತಪ್ಪಿದರೆ "ಎಲ್ಲ ಹಾಳಾಯ್ತು" ಅನ್ನಬೇಡಿ, ಮಾರನೇ ದಿನ ಡೈರಿ ತೆಗೆಸಿ. ದೀರ್ಘ ರಜೆಯ ನಂತರವಂತೂ ಅರ್ಧ ಶುರುವಿನಿಂದ ಮಾಡಬೇಕಾಗುತ್ತದೆ.

ಎರಡು ಮೂರು ತಿಂಗಳು ಹೀಗೆ ನಡೆಸಿಯೂ ಗುರುತುಗಳು ಕಡಿಮೆಯಾಗದಿದ್ದರೆ ಬೇರೆ ಕಾರಣ ಹುಡುಕಬೇಕು. ಬೋರ್ಡು ಸರಿಯಾಗಿ ಕಾಣದ ಮಗು ಡೈರಿ ಬರೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಆಗಲಿ. ಗಟ್ಟಿಯಾಗಿ ಓದುವಾಗ ಅಕ್ಷರಕ್ಕಕ್ಷರ ತಡವರಿಸಿದರೆ, ನೋಡಿ ಬರೆಯುವಾಗಲೂ ಸಾಲು ಬಿಟ್ಟರೆ ಕಲಿಕಾ ತೊಂದರೆ ಇರಬಹುದು. ಮರೆವು, ಚಡಪಡಿಕೆ, ವಸ್ತು ಕಳೆಯುವುದು ಮನೆ, ಶಾಲೆ, ಆಟದ ಮೈದಾನ ಎಲ್ಲ ಕಡೆಯೂ, ಚಿಕ್ಕಂದಿನಿಂದಲೂ ಇದ್ದರೆ ಗಮನದ ಕೊರತೆ, ಅಂದರೆ ಎಡಿಎಚ್‌ಡಿ ಇದೆಯೇ ಎಂದು ಮಕ್ಕಳ ತಜ್ಞರು ನೋಡಬೇಕು. ಹೋಗುವಾಗ ನೀವಿಬ್ಬರೂ ಬರೆದಿಟ್ಟ ಡೈರಿಯನ್ನು ತೆಗೆದುಕೊಂಡು ಹೋಗಿ. "ತುಂಬಾ ಮರೀತಾನೆ" ಎಂಬ ಮಾತಿಗಿಂತ ಅದು ಅವರಿಗೆ ಹೆಚ್ಚು ಹೇಳುತ್ತದೆ.

ಮಗಳ ಮಾತು. ಮೂರನೇ ತರಗತಿಯವಳಿಗೆ ಅಂದಾಜಿನ ಅಂಕಿ, ಕ್ಯಾಲೆಂಡರ್ ಯಾವುದೂ ಈಗ ಬೇಡ. ಡೈರಿ ತೋರಿಸುವುದು, ಮುಗಿಸಿದ್ದನ್ನು ಬ್ಯಾಗಿಗೆ ಹಾಕಿ ಬಾಗಿಲ ಬಳಿ ಇಡುವುದು, ಈ ಎರಡೇ ಸಾಕು. ಈ ವಯಸ್ಸಿನಲ್ಲಿ ನೀವು ಪಕ್ಕದಲ್ಲಿ ಕೂರುವುದರಲ್ಲಿ ತಪ್ಪೂ ಇಲ್ಲ. ಇಬ್ಬರನ್ನೂ ಒಂದೇ ಹೊತ್ತಿಗೆ ಕೂರಿಸಿ, ಆದರೆ ಎದುರುಬದುರು ಬೇಡ, ಕಣ್ಣು ಕೂಡಿದರೆ ನಗು ಶುರುವಾಗುತ್ತದೆ. ಅವಳ ಅರ್ಧ ಗಂಟೆ ಮುಗಿದ ಮೇಲೆ ಅಣ್ಣನದು ಮುಗಿಯಲಿ ಎಂದು ಕಾಯಿಸದೆ ಎಬ್ಬಿಸಿಬಿಡಿ. ಅಣ್ಣನ ಡೈರಿ ನೋಡಿ ನಿಮಗೆ ವರದಿ ಕೊಡುವ ಕೆಲಸವನ್ನು ಮಾತ್ರ ಅವಳಿಗೆ ವಹಿಸಬೇಡಿ, ಅವಳು ಎಷ್ಟೇ ಉತ್ಸಾಹದಿಂದ ಮುಂದೆ ಬಂದರೂ.